ತೂಕದ ಮೆಷಿನ್ ಹತ್ತಿದರೆ ಇಡೀ ದಿನ ಹಾಳು, ಏನು ಮಾಡಲಿ?

ಡೊಂಬಿವಲಿ ಈಸ್ಟ್:
ಎಲ್ಲರಿಗೂ ನಮಸ್ಕಾರ. ಜೂನ್‌ನಲ್ಲಿ 78.4 ಕೆಜಿ ಇದ್ದೆ. ಸಕ್ಕರೆ ಬಿಟ್ಟು, ರಾತ್ರಿಯ ಅನ್ನ ಅರ್ಧ ಮಾಡಿ, ಸ್ಟೇಷನ್‌ಗೆ ಶೇರ್ ಆಟೋ ಬಿಟ್ಟು ನಡೆದು ಈಗ 73ರ ಹತ್ತಿರ ಬಂದಿದ್ದೇನೆ. ಮೊದಲ ವಾರವೇ ಎರಡು ಕೆಜಿ ಇಳಿದಾಗ ಊರಿಗೆಲ್ಲ ಫೋನ್ ಮಾಡಿ ಹೇಳಿದ್ದೆ.

ತೊಂದರೆ ಏನಂದರೆ, ಬೆಳಿಗ್ಗೆ ಎದ್ದ ಕೂಡಲೇ ಮೆಷಿನ್ ಹತ್ತುತ್ತೇನೆ. 200 ಗ್ರಾಂ ಕಡಿಮೆ ಇದ್ದರೆ ಆ ದಿನ ಲೋಕಲ್ ಟ್ರೈನಿನಲ್ಲಿ ಮುಂಬೈಯ ಸಿಎಸ್‌ಎಂಟಿ ಸ್ಟೇಷನ್ ತನಕ ನಿಂತುಕೊಂಡು ಹೋದರೂ ಖುಷಿ, 200 ಗ್ರಾಂ ಜಾಸ್ತಿ ಇದ್ದರೆ ಸುಮ್ನೆ ಎಲ್ಲರ ಮೇಲೂ ರೇಗುತ್ತೇನೆ. ಭಾನುವಾರ ಸಂಬಂಧಿಕರ ಮನೆಯಲ್ಲಿ ಸತ್ಯನಾರಾಯಣ ಪೂಜೆ, ಬಾಳೆಎಲೆ ಊಟ. ಸಪಾದ ಭಕ್ಷ್ಯ ಬೇಡ ಅನ್ನೋಕಾಗತ್ತಾ? ಸೋಮವಾರ ನೋಡಿದರೆ 1.6 ಕೆಜಿ ಜಾಸ್ತಿ! ಇಳಿದು ಮತ್ತೆ ಹತ್ತಿದೆ, ಮೆಷಿನ್ ಪಕ್ಕದ ಟೈಲ್ಸ್ ಮೇಲೆ ಇಟ್ಟೆ, ಬಳೆ ಕೂಡ ತೆಗೆದೆ. ಅದೇ. ತಿಂಡಿ ತಿನ್ನದೆ ಆಫೀಸಿಗೆ ಹೋದೆ, ಸಂಜೆ ಸ್ಟೇಷನ್ ಹೊರಗೆ ಎರಡು ವಡಾಪಾವ್, ಮನೆಗೆ ಬಂದು ಅರ್ಧ ಪ್ಯಾಕೆಟ್ ಫರ್ಸಾಣ್ (ಕರಿದ ಖಾರ ತಿಂಡಿ). ಮೂರು ತಿಂಗಳ ಶ್ರಮ ಒಂದು ಊಟಕ್ಕೆ ಹೋಯಿತು ಅಂತ ಅತ್ತುಬಿಟ್ಟೆ. ನಗಬೇಡಿ.

ಮುಲುಂಡಿನವ:
ನಗಲ್ಲ ಅಕ್ಕ, ಆದರೆ ಲೆಕ್ಕ ಹಾಕೋಣ. ಒಂದು ಕೆಜಿ ಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ. 1.6 ಕೆಜಿ ಕೊಬ್ಬು ಬರಬೇಕಾದರೆ ದಿನದ ಖರ್ಚು ಕಳೆದು 12,000ಕ್ಕೂ ಜಾಸ್ತಿ ಉಳಿಯಬೇಕು. ವಡಾಪಾವ್‌ಗೆ 300 ಅಂತ ಹಿಡಿದರೂ ನಲವತ್ತು ವಡಾಪಾವ್, ಅದೂ ಮಾಮೂಲಿ ಊಟದ ಮೇಲೆ. ಪೂಜೆ ಮನೆಯಲ್ಲಿ ಅಷ್ಟು ಬಡಿಸಿದರಾ?

ಮೆಷಿನ್ ಸುಳ್ಳು ಹೇಳಿಲ್ಲ. ಅದು ಕೊಬ್ಬನ್ನು ಬೇರೆ ಮಾಡಿ ತೂಗುವುದಿಲ್ಲ, ಅಷ್ಟೇ. ಉಪ್ಪಿನಕಾಯಿ, ಹಪ್ಪಳ, ಸಾರಿನ ಉಪ್ಪು ಮೈಯಲ್ಲಿ ನೀರು ಹಿಡಿದಿಡುತ್ತದೆ. ಅನ್ನ, ಸಿಹಿಯ ಒಂದು ಪಾಲು ಗ್ಲೈಕೋಜನ್, ಅಂದರೆ ಮೈ ಕೂಡಿಟ್ಟುಕೊಳ್ಳುವ ಸಕ್ಕರೆ ಆಗಿ ಲಿವರ್‌ನಲ್ಲಿ, ಸ್ನಾಯುವಿನಲ್ಲಿ ಕೂರುತ್ತದೆ. ಅದರ ಒಂದೊಂದು ಗ್ರಾಂ ಜೊತೆಗೂ ಸುಮಾರು 3 ಗ್ರಾಂ ನೀರು. ಹೊಟ್ಟೆಯಲ್ಲಿ ಇನ್ನೂ ಜೀರ್ಣ ಆಗದ ಊಟದ ತೂಕ ಬೇರೆ. ಮಾಮೂಲಿ ಊಟಕ್ಕೆ ಬಂದರೆ ಕೆಲವು ದಿನಗಳಲ್ಲಿ ಇಳಿಯುತ್ತದೆ. ಇನ್ನೊಂದು, ಬೇಜಾರು ಮಾಡ್ಕೋಬೇಡಿ: ಮೊದಲ ವಾರದ ಆ ಎರಡು ಕೆಜಿಯಲ್ಲೂ ಜಾಸ್ತಿ ಪಾಲು ಇದೇ ನೀರು. ಅವತ್ತು ನೀವು ಮೆಷಿನ್ ಪಕ್ಕದ ಟೈಲ್ಸ್‌ಗೆ ಸರಿಸಿ ನೋಡಲಿಲ್ಲ ಅಲ್ವಾ?

ಮಾಟುಂಗಾ ಅಜ್ಜಿ:
ಲೆಕ್ಕ ಗೊತ್ತಿದ್ದರೂ ಅಳು ಬರುತ್ತದೆ ಮಗಾ. ಹಿಂದೆ ಇಲ್ಲಿಯ ಸ್ಟೇಷನ್‌ಗಳಲ್ಲಿ ಬಣ್ಣದ ದೀಪದ ತೂಕದ ಮೆಷಿನ್ ಇರುತ್ತಿತ್ತು, ನೆನಪಿದೆಯಾ? ನಾಣ್ಯ ಹಾಕಿದರೆ ಚಕ್ರ ತಿರುಗಿ ಟಪ್ ಅಂತ ಚೀಟಿ ಬೀಳುತ್ತಿತ್ತು, ಅದರಲ್ಲಿ ತೂಕ, ಜೊತೆಗೆ ಭವಿಷ್ಯ. ನಾವು ಮೊದಲು ಓದುತ್ತಿದ್ದದ್ದು ಭವಿಷ್ಯ. ತೂಕ ಯಾರಿಗೆ ಬೇಕಿತ್ತು! ನೀನು ಈಗ ತೂಕವನ್ನೇ ಭವಿಷ್ಯ ಅಂತ ಓದುತ್ತಿದ್ದಿ. ನಾನು ನಮ್ಮ ಮೆಷಿನನ್ನು ಬಾತ್‌ರೂಮ್ ಮೇಲಿನ ಲಾಫ್ಟ್‌ಗೆ ಹಾಕಿಸಿದ್ದೇನೆ. ಇಳಿಸಲು ಸ್ಟೂಲ್ ಬೇಕು, ಮೊಮ್ಮಗ ಬೇಕು. ತಿಂಗಳಿಗೊಮ್ಮೆ ಸಾಕು. ಉಳಿದ ದಿನ ರವಿಕೆ ಹುಕ್ಕೇ ಹೇಳುತ್ತದೆ.

ಠಾಣೆ ಸ್ಲೋ ಲೋಕಲ್:
ಅಜ್ಜಿಯವರ ಉಪಾಯ ನನಗೆ ಆಗಿಬರಲಿಲ್ಲ. ನೋಡದಿದ್ದರೆ ಇನ್ನೂ ಭಯ. ನಾನು ದಿನಾ ನೋಡುತ್ತೇನೆ, ಆದರೆ ಕ್ಯಾಲೆಂಡರಿನಲ್ಲಿ ಬರೆದು ಸುಮ್ಮನಾಗುತ್ತೇನೆ. ಭಾನುವಾರ ಏಳು ದಿನದ್ದು ಕೂಡಿಸಿ ಏಳರಿಂದ ಭಾಗಿಸಿ ಹಿಂದಿನ ವಾರದ ಸರಾಸರಿ ಜೊತೆ ಮಾತ್ರ ಹೋಲಿಸುತ್ತೇನೆ. ಮುಟ್ಟಿನ ಮುಂಚಿನ ದಿನಗಳಿಗೆ ಒಂದು ಚುಕ್ಕೆ ಇಡಿ, ಆಗ ನೀರು ನಿಂತು ತೂಕ ಏರುವುದು ಸಾಮಾನ್ಯ. ವಾರದ ಸಾಲು ನೋಡಿದರೆ ಅದು ನಮ್ಮ ಸ್ಲೋ ಲೋಕಲ್ ಹಾಗೆ, ನಿಂತು ನಿಂತು ಹೋಗುತ್ತದೆ.

ನನಗೆ 1.6ಕ್ಕಿಂತ ಚಿಂತೆ ಆಗಿದ್ದು ನೀವು ತಿಂಡಿ ಬಿಟ್ಟದ್ದು. ಬೆಳಿಗ್ಗೆ ಶಿಕ್ಷೆ, ಸಂಜೆ ಫರ್ಸಾಣ್. ನಾನೂ ಒಂದು ವರ್ಷ ಅದೇ ಮಾಡಿದವಳು, ಕೊನೆಗೆ ಒಬ್ಬ ಕೌನ್ಸೆಲರ್ ಹತ್ತಿರ ಹೋಗಬೇಕಾಯಿತು. ಪದೇ ಪದೇ ಹೀಗೆ ಆಗುತ್ತಿದ್ದರೆ ಡಾಕ್ಟರ್ ಹತ್ತಿರ ಇದನ್ನೂ ಹೇಳಿ, ತೂಕ ಮಾತ್ರ ಅಲ್ಲ. ಮೆಷಿನ್ ಹತ್ತುವ ಮೊದಲೇ ಒಲೆ ಮೇಲೆ ಉಪ್ಪಿಟ್ಟಿನ ನೀರು ಇಡಿ. ಆಮೇಲೆ ಯಾವ ನಂಬರ್ ಬಂದರೂ ಉಪ್ಪಿಟ್ಟು ತಿನ್ನಲೇಬೇಕಲ್ವಾ.

ಡೊಂಬಿವಲಿ ಈಸ್ಟ್:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಗುರುವಾರ, 73.3. ಖುಷಿ ಆಯಿತು, ಆಮೇಲೆ ಮತ್ತೆ ನಂಬರ್ ನೋಡಿಯೇ ಖುಷಿ ಪಟ್ಟೆನಲ್ಲ ಅಂತ ನನ್ನ ಮೇಲೇ ಸಿಟ್ಟು ಬಂತು. ಉಪ್ಪಿಟ್ಟು ತಿಂದೆ. ಅಜ್ಜಿ, ಲಾಫ್ಟ್ ವಿಷಯ ಯಜಮಾನರ ಹತ್ತಿರ ಕೇಳಿದೆ. ಗಣಪತಿ ಕೂರಿಸುವ ಅಲಂಕಾರದ ಮಂಟಪ (ಮಖರ), ಮೂರು ಸೂಟ್‌ಕೇಸ್, ಹಳೆ ಮಿಕ್ಸಿ ಎಲ್ಲ ಅಲ್ಲೇ ಇದೆ, ಜಾಗ ಇಲ್ಲವಂತೆ. ಸದ್ಯ ಮೆಷಿನ್ ಮಂಚದ ಕೆಳಗೆ.