ಗುಂಡಿನ ಸದ್ದು ಹಿಡಿಯುವ ಮೈಕ್ ಇರುವ ಏರಿಯಾದಲ್ಲಿ ಮನೆ ಮಾಡಬಹುದಾ?

ಸೇಡಂನಿಂದ:

ಎಲ್ಲರಿಗೂ ಶರಣು. ನಮ್ಮ ಮನೆಯವರಿಗೆ ಅಮೆರಿಕದಲ್ಲಿ, ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ಕೆಲಸ ಸಿಕ್ಕಿದೆ. ಮಗಳಿಗೆ ಎಂಟು ವರ್ಷ, ಮಗನಿಗೆ ಐದು. ಬಾಡಿಗೆ ಮನೆ ಹುಡುಕುತ್ತಿದ್ದೇವೆ. ಒಂದು ಮನೆ ಇಷ್ಟವಾಯಿತು, ಶಾಲೆಯೂ ಹತ್ತಿರ. ಆದರೆ ಅಲ್ಲಿರುವ ಪರಿಚಯದವರೊಬ್ಬರು, ಆ ಕಡೆ ಪೊಲೀಸರು ಗುಂಡಿನ ಸದ್ದು ಹಿಡಿಯುವ ಸೆನ್ಸರ್ ಹಾಕಿದ್ದಾರೆ ಅಂದರಂತೆ. ಅದನ್ನು ಕೇಳಿ ನಮ್ಮ ಅತ್ತೆ ಊಟ ಬಿಟ್ಟು ಕೂತಿದ್ದಾರೆ. ಸೆನ್ಸರ್ ಇದೆ ಅಂದರೆ ಸೇಫ್ ಅಂತಾನಾ, ಅಪಾಯ ಅಂತಾನಾ?

ಕಲಬುರಗಿಯಿಂದ:

ತಂಗೀ, ಮೊದಲು ಅತ್ತೆಯವರಿಗೆ ಊಟ ಮಾಡಿಸು. ನಾವು ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳನ್ನು ಬೆಳೆಸಿ ಈಗ ಕಲಬುರಗಿಗೆ ವಾಪಸ್ ಬಂದಿದ್ದೇವೆ. ಗುಂಪು ಬಿಡಲು ಮನಸ್ಸಾಗಿಲ್ಲ, ಅದಕ್ಕೆ ಉದ್ದ ಬರೆಯುತ್ತೇನೆ.

ಅದರ ಹೆಸರು ಶಾಟ್‌ಸ್ಪಾಟರ್. ಕಂಪನಿ 2023ರಲ್ಲಿ ಸೌಂಡ್‌ಥಿಂಕಿಂಗ್ ಅಂತ ಹೆಸರು ಬದಲಿಸಿಕೊಂಡಿತು, ಜನ ಮಾತ್ರ ಹಳೇ ಹೆಸರನ್ನೇ ಹೇಳುತ್ತಾರೆ. ಕಟ್ಟಡಗಳ ಮಾಳಿಗೆ ಮೇಲೆ, ದೀಪದ ಕಂಬಗಳ ಮೇಲೆ ಮೈಕ್ ಕೂರಿಸಿರುತ್ತಾರೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಹತ್ತಿರದ ಮೈಕ್‌ಗೆ ಮೊದಲು ಮುಟ್ಟುತ್ತದೆ, ದೂರದ್ದಕ್ಕೆ ಆಮೇಲೆ. ಕನಿಷ್ಠ ಮೂರು ಮೈಕ್‌ಗೆ ಕೇಳಿಸಿದರೆ ಸಾಕು, ಆ ವ್ಯತ್ಯಾಸದಿಂದ ಸದ್ದು ಹುಟ್ಟಿದ ಜಾಗವನ್ನು ಲೆಕ್ಕ ಹಾಕುತ್ತಾರೆ.

ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರ ನೆನಪಿದೆ ಅಲ್ವಾ? 2021ರ ಅಕ್ಟೋಬರ್‌ನಲ್ಲಿ ನೆಲದೊಳಗಿಂದ ಸದ್ದು ಬಂದು, ಭೂಮಿ ನಡುಗಿ, ಜನ ಮನೆಯೊಳಗೆ ಮಲಗಲು ಹೆದರಿದರು. ಎಷ್ಟೋ ಮನೆಯವರು ಊರನ್ನೇ ಬಿಟ್ಟರು. ಭೂಮಿ ಎಲ್ಲಿ ನಡುಗಿತು ಅಂತ ಕಂಡುಹಿಡಿಯುವುದೂ ಇದೇ ಲೆಕ್ಕದಿಂದ: ಯಾವ ಕೇಂದ್ರಕ್ಕೆ ಅಲೆ ಯಾವಾಗ ಮುಟ್ಟಿತು ಅಂತ. ಇದನ್ನೇ ಗುಂಡಿನ ಸದ್ದಿಗೂ ಹಚ್ಚಬಹುದಲ್ಲ ಅಂತ 1990ರ ದಶಕದ ಮೊದಲಲ್ಲೇ ಯೋಚಿಸಿದವರಲ್ಲಿ ಜಾನ್ ಲಾರ್ ಒಬ್ಬರು. ಅವರು ಕ್ಯಾಲಿಫೋರ್ನಿಯಾದಲ್ಲಿ ಭೂಕಂಪದ ಅಧ್ಯಯನ ಮಾಡುತ್ತಿದ್ದವರು.

ಸದ್ದು ಎಲ್ಲಿ ಆಯಿತು ಅನ್ನುವುದನ್ನು ಹೀಗೆ ಹೇಳಬಹುದು. ಅದು ಏನು ಅನ್ನುವುದೇ ತಲೆನೋವು. ನಿಮ್ಮ ಸೇಡಂ ಕಡೆ ಸಿಮೆಂಟ್ ಕಂಪನಿಯ ಗಣಿಯಲ್ಲಿ ಬ್ಲಾಸ್ಟ್ ಆದರೆ ಯಾರೂ ರೊಟ್ಟಿ ಬಡಿಯುವುದನ್ನು ನಿಲ್ಲಿಸುವುದಿಲ್ಲ, ಕಿವಿಗೆ ರೂಢಿಯಾಗಿದೆ. ಯಂತ್ರಕ್ಕೆ ಆ ರೂಢಿ ಎಲ್ಲಿಂದ ಬರಬೇಕು? ಪಟಾಕಿ, ಗಾಡಿಯ ಸೈಲೆನ್ಸರ್, ಪಿಸ್ತೂಲು, ಮೂರೂ ಅದಕ್ಕೆ ಢಂ. (ನಮ್ಮ ಸೂಪರ್ ಮಾರ್ಕೆಟ್ ರಸ್ತೆಯ ಬುಲೆಟ್ ಬೈಕ್ ಹುಡುಗರನ್ನು ಅಲ್ಲಿ ಒಂದು ಸಂಜೆ ಬಿಟ್ಟರೆ ಪೊಲೀಸರಿಗೆ ನಿದ್ದೆ ಇಲ್ಲ.) ಹಾಗಾಗಿ ಸದ್ದು ಎಷ್ಟು ಬೇಗ ಏರಿತು, ಹೇಗೆ ಇಳಿಯಿತು ಅಂತ ಕಂಪ್ಯೂಟರ್ ಮೊದಲು ಸೋಸುತ್ತದೆ. ಆಮೇಲೆ ಕಂಪನಿಯ ಜನ ಆ ತುಣುಕನ್ನು ಕೇಳಿ, ಗುಂಡು ಅನಿಸಿದರೆ ಪೊಲೀಸರಿಗೆ ಕಳಿಸುತ್ತಾರೆ. ಇಷ್ಟೆಲ್ಲ ಒಂದು ನಿಮಿಷದೊಳಗೆ ಆಗಬೇಕು ಅನ್ನುವುದು ಅವರ ಲೆಕ್ಕ. ಜುಲೈ 4 ಅವರ ಸ್ವಾತಂತ್ರ್ಯ ದಿನ, ಎಲ್ಲೆಡೆ ಪಟಾಕಿ; ಆ ರಾತ್ರಿ ಈ ಕೆಲಸ ಯಾರಿಗೂ ಬೇಡ.

ಫಲ ಎಷ್ಟು? ಶಿಕಾಗೋ ನಗರಾಡಳಿತದ ಕೆಲಸವನ್ನು ತಪಾಸಣೆ ಮಾಡುವ ಇನ್‌ಸ್ಪೆಕ್ಟರ್ ಜನರಲ್ 2021ರಲ್ಲಿ ಸುಮಾರು 50,000 ಎಚ್ಚರಿಕೆಗಳನ್ನು ನೋಡಿದಾಗ, ಬಂದೂಕಿನ ಅಪರಾಧಕ್ಕೆ ಸಾಕ್ಷಿ ಸಿಕ್ಕಿದ್ದು ಶೇ. 9ರಷ್ಟರಲ್ಲಿ ಮಾತ್ರ. ನ್ಯೂಯಾರ್ಕ್‌ನ ಲೆಕ್ಕ ತಪಾಸಣೆ 2024ರಲ್ಲಿ ಬಂತು. ಅವರು ಆರಿಸಿಕೊಂಡು ನೋಡಿದ ತಿಂಗಳುಗಳಲ್ಲಿ ಗುಂಡು ಹಾರಿದ್ದು ಖಾತ್ರಿಯಾದದ್ದು ಶೇ. 13ರಷ್ಟು ಎಚ್ಚರಿಕೆಗಳಲ್ಲಿ. ಸಾಕ್ಷಿ ಸಿಗಲಿಲ್ಲ ಅಂದರೆ ಗುಂಡೇ ಹಾರಿಲ್ಲ ಅಂತಲ್ಲ ಅನ್ನುವುದು ಕಂಪನಿಯ ವಾದ. ಅದೂ ಸುಳ್ಳಲ್ಲ.

ಈಗ ನಿನ್ನ ಪ್ರಶ್ನೆ. ಮೈಕ್ ಯಾವ ಕಂಬದ ಮೇಲಿದೆ ಅಂತ ಕಂಪನಿ ಹೇಳುವುದಿಲ್ಲ. ಹಿಂದೆ ಗುಂಡಿನ ಗಲಾಟೆ ಜಾಸ್ತಿ ಇದ್ದ ಕಡೆ, ನಗರ ದುಡ್ಡು ಕೊಟ್ಟ ಕಡೆ ಹಾಕುತ್ತಾರೆ. ಅದು ಏರಿಯಾದ ಮಾತಾಯಿತು, ನೀವು ನೋಡಿರುವ ಬೀದಿಯದ್ದಲ್ಲ. ಪೊಲೀಸರ ಅಪರಾಧ ನಕ್ಷೆ ಆನ್‌ಲೈನ್‌ನಲ್ಲಿ ಇರುತ್ತದೆ, ನೋಡಿ. ಶುಕ್ರವಾರ ರಾತ್ರಿ ಒಮ್ಮೆ ಆ ಬೀದಿಯಲ್ಲಿ ಸುಮ್ನೆ ನಡೆದು ಬರಲು ನಿಮ್ಮ ಮನೆಯವರಿಗೆ ಹೇಳು. ಮಕ್ಕಳ ಸೈಕಲ್ ಅಂಗಳದಲ್ಲೇ ಬಿದ್ದಿವೆಯಾ ನೋಡಲಿ. ನಾನಾದರೆ ಇಷ್ಟಕ್ಕೇ ಆ ಮನೆ ಬಿಡುತ್ತಿರಲಿಲ್ಲ.

ಶಿಕಾಗೋದಿಂದ, ಊರು ಬೀದರ್:

ಅಣ್ಣಾರ, ನಿಮ್ಮ ಶೇಕಡಾ ಲೆಕ್ಕ ನಾನು ಪೂರ್ತಿ ಒಪ್ಪುವುದಿಲ್ಲ. ನಮ್ಮಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ಈ ಮೈಕ್ ವ್ಯವಸ್ಥೆಯನ್ನು ನಿಲ್ಲಿಸಿದರು. ನಮ್ಮ ಬ್ಲಾಕ್‌ನಲ್ಲಿ ಸದ್ದಾದರೆ ಯಾರೂ ಇಲ್ಲಿನ ತುರ್ತು ನಂಬರ್ 911ಕ್ಕೆ ಫೋನ್ ಮಾಡುವುದಿಲ್ಲ, ಪರದೆ ಎಳೆದು ಮಲಗುತ್ತಾರೆ. 2025ರ ಜನವರಿಯಲ್ಲಿ ನಮ್ಮ ಬೀದರ್‌ನಲ್ಲಿ ಎಟಿಎಂ ಹಣದ ಗಾಡಿಯವರ ಮೇಲೆ ಗುಂಡು ಹಾರಿಸಿ ದೋಚಿದರಲ್ಲ, ಹಾಡಹಗಲೇ? ಅದನ್ನು ನೋಡಿದವರು ಎಷ್ಟು ಜನ, ವಿಡಿಯೋ ಮಾಡಿದವರು ಎಷ್ಟು ಜನ! ಅಲ್ಲಿ ಯಂತ್ರ ಬೇಕಾಗಲಿಲ್ಲ. ಇಲ್ಲಿ ಗುಂಡು ತಗುಲಿದವನು ಒಬ್ಬನೇ ಬಿದ್ದಿದ್ದರೆ, ಹತ್ತರಲ್ಲಿ ಒಂದು ಸಲ ಆಂಬುಲೆನ್ಸ್ ಬೇಗ ಬಂದರೂ ನನಗೆ ಸಾಕು.

ಕಲಬುರಗಿಯಿಂದ:

ಆಂಬುಲೆನ್ಸ್ ಮಾತು ಒಪ್ಪಿದೆ ಅಕ್ಕಾರ. ನನ್ನ ಭಯ ಬೇರೆ. 2021ರ ಮಾರ್ಚ್‌ನಲ್ಲಿ ನಿಮ್ಮ ಶಿಕಾಗೋದಲ್ಲೇ ಇಂಥ ಎಚ್ಚರಿಕೆ ಬಂದು ಪೊಲೀಸರು ಹೋದರು. ಓಡಿದ 13 ವರ್ಷದ ಹುಡುಗನಿಗೆ ಗುಂಡು ಹೊಡೆದರು. ಕೈಯಲ್ಲಿದ್ದ ಬಂದೂಕು ಬಿಟ್ಟು ಕೈ ಎತ್ತುವ ಹೊತ್ತಿಗೇ ಗುಂಡು ಬಿದ್ದಿತ್ತು, ವಿಡಿಯೋದಲ್ಲಿದೆ. ಎಚ್ಚರಿಕೆ ಬಂದಾಗ ಪೊಲೀಸರು ಗುಂಡು ಹಾರಿದೆ ಅಂತಲೇ ನಂಬಿ ಬರುತ್ತಾರೆ. ಅಲ್ಲಿ ನಿಂತ ಹುಡುಗ ಪಟಾಕಿ ಹಚ್ಚಿದವನೋ, ಸುಮ್ನೆ ಹೋಗುತ್ತಿದ್ದವನೋ ಅಂತ ಮೈಕ್ ಹೇಳುವುದಿಲ್ಲ.

ಅದಕ್ಕೇ ತಂಗೀ, ಮಕ್ಕಳಿಗೆ ಈಗಲೇ ಹೇಳಿಕೊಡು. ಢಂ ಅಂದರೆ ನೋಡಲು ಹೊರಗೆ ಓಡಬಾರದು, ಒಳಗೆ ಬರಬೇಕು. ನಮ್ಮ ಓಣಿಯಲ್ಲಿ ಸದ್ದಾದರೆ ಎಲ್ಲರೂ ಕಟ್ಟೆಗೆ ಬಂದು ನಿಲ್ಲುತ್ತೇವೆ, ಆ ಚಟ ಅಲ್ಲಿ ಬೇಡ. ಪೊಲೀಸ್ ಎದುರಾದರೆ ಓಡಬಾರದು, ಕೈ ಕಾಣುವ ಹಾಗೆ ಇರಬೇಕು. ಆಟದ ಪಿಸ್ತೂಲು ಬೀದಿಗೆ ಒಯ್ಯಲೇಬಾರದು. ದೀಪಾವಳಿಗೆ ನಾವು ಇಲ್ಲಿ ಕೊಡಿಸುವ ಟಿಕಳಿ ಪಿಸ್ತೂಲನ್ನು ದಯವಿಟ್ಟು ಸೂಟ್‌ಕೇಸ್‌ಗೆ ಹಾಕಬೇಡ!

ಸೇಡಂನಿಂದ:

ಅಣ್ಣಾರ, ಹಾಗಾದರೆ ದೀಪಾವಳಿಗೆ ಪಟಾಕಿ?

ಕಲಬುರಗಿಯಿಂದ:

ಇಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ರಾತ್ರಿ 8ರಿಂದ 10 ಅಂದಿತು. ನಮ್ಮ ಓಣಿಯ ಹುಡುಗರಿಗೆ ಹತ್ತಕ್ಕೇ ಹಬ್ಬ ಶುರು. ಅಲ್ಲಿ ಹಾಗೆ ನಡೆಯುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮೇಲಕ್ಕೆ ಹಾರುವುದು, ಸಿಡಿಯುವುದು ಎಲ್ಲ ಅಕ್ರಮ. ‘ಸೇಫ್ ಆ್ಯಂಡ್ ಸೇನ್’ ಅಂತ ಮುದ್ರೆ ಇರುವುದನ್ನಷ್ಟೇ ಮಾರುತ್ತಾರೆ, ಅದೂ ಜುಲೈ 4ರ ಆಸುಪಾಸಿನಲ್ಲಿ, ಅದೂ ಎಲ್ಲ ಊರುಗಳಲ್ಲಿ ಅಲ್ಲ. ಸ್ಯಾಕ್ರಮೆಂಟೊದವರು ಈಗ ಡ್ರೋನ್ ಹಾರಿಸಿ ಯಾರ ಹಿತ್ತಲಿನಿಂದ ರಾಕೆಟ್ ಎದ್ದಿತು ಅಂತ ವಿಡಿಯೋ ಮಾಡುತ್ತಾರೆ. ಹಚ್ಚಿದವರು ನೆಂಟರೇ ಆಗಿರಲಿ, ದಂಡದ ಚೀಟಿ ಆ ಮನೆಯವರ ಹೆಸರಿಗೆ ಬರಬಹುದು. ಈ ಡ್ರೋನ್ ಕೆಲಸ ನನಗೆ ಮೈಕ್‌ಗಿಂತ ವಾಸಿ ಅನಿಸುತ್ತದೆ. ಕಣ್ಣಿಗೆ ಕಂಡಿದ್ದಕ್ಕೆ ದಂಡ, ಬಂದೂಕು ಹಿಡಿದು ಯಾರೂ ಓಡಿ ಬರುವುದಿಲ್ಲ.

ಸೇಡಂನಿಂದ:

ಸುರುಸುರು ಬತ್ತಿ ಕೂಡ ಬೇಡ್ವಾ? ಮಗಳು ಕೇಳುತ್ತಿದ್ದಾಳೆ.

ಕಲಬುರಗಿಯಿಂದ:

ಊರಿನ ಅಗ್ನಿಶಾಮಕದವರಿಗೆ ಫೋನ್ ಮಾಡಿ ಕೇಳು. ದೇವಸ್ಥಾನದಲ್ಲೋ ಕನ್ನಡ ಸಂಘದಲ್ಲೋ ಅನುಮತಿ ತೆಗೆದುಕೊಂಡು ಹಚ್ಚುವುದಿದ್ದರೆ ಅಲ್ಲಿಗೇ ಕರೆದುಕೊಂಡು ಹೋಗು. ಇಲ್ಲಿಂದ ಒಯ್ಯಬೇಡ, ವಿಮಾನದವರು ಬಿಡುವುದಿಲ್ಲ. ಮತ್ತೆ, ಅತ್ತೆ ಊಟ ಮಾಡಿದರಾ?