ಪದಚರ್ಚೆ: ಮನೆಯೊಳಗಿನ ಕೊಳ, ಸಿಹಿನೀರಿನ ‘ಸ್ಟಿಂಗ್‌ರೇ’ – ಫಲಕಕ್ಕೆ ತುರ್ತಾಗಿ ಪದ ಬೇಕು

ಬಳಗದ ಎಲ್ಲರಿಗೂ ನಮಸ್ಕಾರ.

ನಾಳೆ ಸಂಜೆಯೊಳಗೆ ಒಂದು ಕೈಪಿಡಿಯ ಅನುವಾದ ಮುಗಿಸಿ ಕೊಡಬೇಕು, ಜೊತೆಗೆ ಒಂದು ಎಚ್ಚರಿಕೆ ಫಲಕವನ್ನೂ. ಮನೆಯೊಳಗೆ ಮರದ ಚೌಕಟ್ಟು ನಿಲ್ಲಿಸಿ, ಪ್ಲೈವುಡ್ ಹೊಡೆದು, ಒಳಗೆ ದಪ್ಪ ರಬ್ಬರ್ ಹಾಳೆ ಹಾಸಿ ದೊಡ್ಡ ಕೊಳ ಕಟ್ಟುವುದು, ಅದರಲ್ಲಿ ದಕ್ಷಿಣ ಅಮೆರಿಕದ ನದಿಗಳ ಸ್ಟಿಂಗ್‌ರೇ ಸಾಕುವುದು – ಇದು ಕೈಪಿಡಿಯ ವಿಷಯ. ಕೊಳದ ಅಳತೆ 3 ಮೀಟರ್ ಉದ್ದ, 2 ಮೀಟರ್ ಅಗಲ, ನೀರಿನ ಆಳ 60 ಸೆಂ.ಮೀ.

ಮೀನಿಗೆ ‘ಮುಳ್ಳುಬಾಲದ ಚಪ್ಪಟೆ ಮೀನು’ ಎಂದು ಬರೆದಿಟ್ಟಿದ್ದೇನೆ. ಪ್ರತಿ ಸಾಲಿನಲ್ಲೂ ಅಷ್ಟುದ್ದ ಬರೆಯಲಾಗದು. ಕೊಳಕ್ಕೆ ‘ಒಳಾಂಗಣ ಕೊಳ’ ನಡೆದೀತೇ? ಫಲಕದಲ್ಲಿ ‘ಕುಟುಕುತ್ತದೆ’ ಎನ್ನಬಹುದೇ? ನೀರು ಸೋಸುವ ತೊಟ್ಟಿಗೆ ಮೂಲದಲ್ಲಿ ‘ಸಂಪ್’ ಎಂದಿದೆ, ಹಾಗೇ ಬಿಡಲೇ? ದಯವಿಟ್ಟು ಬೇಗ ತಿಳಿಸಿ.

– ಅನುವಾದಕಿ

*

ಮೇಡಂ, ಹೊಸದಾಗಿ ಏನೂ ಕಟ್ಟಬೇಡಿ. ತೊರಕೆ. ಕರಾವಳಿಯಲ್ಲಿ ಮೀನು ಹಿಡಿಯುವವರು, ಮಾರುವವರು, ತಿನ್ನುವವರು ಎಲ್ಲರೂ ಹೇಳುವುದು ಇದನ್ನೇ; ತುಳುವಿನಲ್ಲೂ ಇದೇ. ಕಡಲಿನದಾದರೇನು, ಹೊಳೆಯದಾದರೇನು, ಜಾತಿ ಅದೇ: ಮೂಳೆಯ ಬದಲು ಮೃದು ಎಲುಬಿನ ಮೈ, ತಟ್ಟೆಯಂಥ ಆಕಾರ, ಬಾಲದಲ್ಲಿ ಮುಳ್ಳು. ‘ಸಿಹಿನೀರಿನ ತೊರಕೆ’ ಎಂದು ಬರೆದು ಮುಂದಿನ ಸಾಲಿಗೆ ಹೋಗಿ. ಇಷ್ಟು ಕಾಲ ಬಳಕೆಯಲ್ಲಿರುವ ಹೆಸರನ್ನು ಪಠ್ಯಪುಸ್ತಕ, ಪತ್ರಿಕೆಗಳವರು ಕೇಳಿಯೇ ಇಲ್ಲವೆಂಬಂತೆ ‘ಸ್ಟಿಂಗ್‌ರೇ’ ಎಂದು ಬರೆಯುವುದನ್ನು ನೋಡಿದಾಗೆಲ್ಲ ಸಂಕಟವಾಗುತ್ತದೆ.

– ಕರಾವಳಿಯ ಓದುಗ

*

ತೊರಕೆ ಬಹಳ ಸೊಗಸಾದ ಆಯ್ಕೆ. ಅದರ ಮೂಲವನ್ನೂ ಗಮನಿಸಿ: ತೊರೆ + ಕೆ. ತೊರೆಯೆಂದರೆ ಹೊಳೆ. ಅಂದರೆ ಇದು ಮೊದಲಿಗೆ ಹೊಳೆಯ ಮೀನಿನ ಹೆಸರೇ ಆಗಿದ್ದು, ಆಮೇಲೆ ಕಡಲ ಮೀನಿಗೆ ಹರಡಿರಬೇಕು. ಹಾಗಾದರೆ ‘ಸಿಹಿನೀರಿನ’ ಎಂಬ ವಿಶೇಷಣವೇ ಬೇಕಿಲ್ಲ, ಪದದೊಳಗೇ ಹೊಳೆ ಇದೆ. ಅನುವಾದಕಿಯವರು ಬರೀ ‘ತೊರಕೆ’ ಎಂದರೆ ಸಾಕು.

– ಪದಮೂಲಾಸಕ್ತ

*

ತೊರೆಗೂ ತೊರಕೆಗೂ ನಂಟು ಕಟ್ಟಬೇಡಿ. ಹೊಳೆ ಎಂಬ ಅರ್ಥದ್ದು ಹಳಗನ್ನಡದಲ್ಲಿ ತೊಱೆ, ಶಕಟರೇಫದ್ದು, ಅಂದರೆ ಹಳೆಯ ಗಡಸು ರಕಾರದ್ದು. ತಮಿಳಿನ ತುಱೈ ಅದರ ಜೋಡಿ. ಕುಡೈ–ಕೊಡೆ, ಪುಗೈ–ಹೊಗೆ ಇದ್ದ ಹಾಗೆ. ಮೀನಿನ ಹೆಸರು ತಮಿಳಿನಲ್ಲಿ ತಿರುಕ್ಕೈ, ಸಾದಾ ರೇಫ. ಎರಡೂ ಬೇರೆ ಬೇರೆ. ಈಗ ಕನ್ನಡದಲ್ಲಿ ಎರಡು ರಕಾರ ಒಂದಾಗಿವೆ ಎಂಬ ಕಾರಣಕ್ಕೆ ಕಿವಿಗೆ ಒಂದೇ ಕೇಳಿಸಿದ್ದನ್ನೆಲ್ಲ ಒಂದೇ ಬೇರಿಗೆ ಕಟ್ಟುವುದು ಪದಮೂಲವಲ್ಲ, ಊಹೆ. ‘ಸಿಹಿನೀರಿನ’ ಉಳಿಯಲೇಬೇಕು. ಬರೀ ತೊರಕೆ ಎಂದರೆ ಕಡಲಿನದು ಎಂದೇ ಓದುತ್ತಾರೆ, ಉಪ್ಪು ಸುರಿದರೂ ಸುರಿದಾರು.

ಇನ್ನು ‘ಒಳಾಂಗಣ’. ಒಳ ಕನ್ನಡ, ಅಂಗಣ ಸಂಸ್ಕೃತ. ಇಲ್ಲಿ ಸವರ್ಣದೀರ್ಘ ಹೇಗೆ ಬಂತು? ಲೋಪವಾಗಿ ‘ಒಳಂಗಣ’ ಆಗಬೇಕಿತ್ತು. ಕ್ರೀಡಾಂಗಣದವರು ಕೆಡಿಸಿಟ್ಟ ಪದ. ಅದಿರಲಿ, ನೆಲದ ಮೇಲೆ ಗೋಡೆ ನಿಲ್ಲಿಸಿ ನೀರು ತುಂಬಿದ್ದು ಕೊಳ ಹೇಗಾದೀತು? ಅದು ತೊಟ್ಟಿ.

– ನಿವೃತ್ತ ಕನ್ನಡ ಮೇಷ್ಟ್ರು

*

ಮೇಷ್ಟ್ರೇ, ಈಜುಕೊಳಕ್ಕೆ ಏನಂತೀರಿ? ಅದೂ ಸಿಮೆಂಟಿನದೇ, ಕೆಲವು ನೆಲದ ಮೇಲೂ ಇರುತ್ತವೆ. ಯಾರೂ ಈಜುತೊಟ್ಟಿ ಅನ್ನುವುದಿಲ್ಲ. ಮೇಲಿನಿಂದ ಬಗ್ಗಿ ನೋಡುವುದು ಕೊಳ, ಪಕ್ಕದ ಗಾಜಿನಿಂದ ನೋಡುವುದು ತೊಟ್ಟಿ. ಮೀನು ಸಾಕುವವರು ಹೀಗೇ ಬೇರೆ ಮಾಡಿ ಹೇಳುತ್ತೇವೆ.

ಅನುವಾದಕಿಯವರೇ, ನಿಮ್ಮ ನಿಜವಾದ ತೊಡಕು ‘ಸಂಪ್’. ಹಾಗೇ ಬಿಟ್ಟರೆ ಕೈಪಿಡಿ ಕೆಡುತ್ತದೆ. ನಮ್ಮಲ್ಲಿ ಸಂಪು ಎಂದರೆ ನೆಲದಡಿ ಕುಡಿಯುವ ನೀರು ಕೂಡಿಡುವ ತೊಟ್ಟಿ. ‘ಕೊಳದ ನೀರು ಉಕ್ಕಿ ಸಂಪಿಗೆ ಇಳಿಯುತ್ತದೆ’ ಎಂದು ಬರೆದರೆ ಓದುಗ ಬೆಚ್ಚಿಬೀಳುತ್ತಾನೆ. ‘ಸೋಸುತೊಟ್ಟಿ’ ಎನ್ನಿ. ಅಲ್ಲಿ ಬರೀ ಕಸ ಸೋಸುವುದಲ್ಲ. ಮೀನಿನ ಹೇಲು, ಉಳಿದ ಮೇವಿನಿಂದ ಬರುವ ಅಮೋನಿಯಾವನ್ನು ಬ್ಯಾಕ್ಟೀರಿಯಾಗಳು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಮೂಲದಲ್ಲಿ ‘ಸೈಕಲ್’ ಎಂದು ಬಂದಿದ್ದರೆ ಅದು ಈ ಬ್ಯಾಕ್ಟೀರಿಯಾ ನೆಲೆಗೊಳ್ಳುವ ಮಾತು, ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆ. ‘ಚಕ್ರ’ ಎಂದು ಬರೆಯಬೇಡಿ. ‘ನೀರು ಹದಕ್ಕೆ ಬರುವುದು’ ಎಂದರೆ ಯಾರಿಗಾದರೂ ತಿಳಿಯುತ್ತದೆ. ನೀರು ಹದಕ್ಕೆ ಬರುವ ಮೊದಲು ತೊರಕೆ ಬಿಟ್ಟರೆ ಉಳಿಯುವುದಿಲ್ಲ. ಬೇರೆ ಮೀನು ಸಹಿಸುವ ನೈಟ್ರೈಟನ್ನೂ ಇದು ಸಹಿಸದು. ತಾಮ್ರ ಬೆರೆತ ಔಷಧಿಯಂತೂ ಇದಕ್ಕೆ ವಿಷವೇ.

ಅಳತೆಯನ್ನೂ ಒಮ್ಮೆ ನೋಡಿ. ನೀವು ಬರೆದ ಕೊಳಕ್ಕೆ 3,600 ಲೀಟರ್ ಹಿಡಿಸುತ್ತದೆ. ನೀರಿನ ಭಾರವೇ 3.6 ಟನ್, ಹಾಗಾಗಿ ನೆಲ ಗಟ್ಟಿಯಿರಬೇಕು. ಅನುವಾದದಲ್ಲಿ ‘ಭಾರ’ ಮತ್ತು ‘ಒತ್ತಡ’ ಅದಲುಬದಲಾಗದಂತೆ ನೋಡಿಕೊಳ್ಳಿ. ನೆಲದ ಮೇಲೆ ಬೀಳುವುದು ಭಾರ. ಗೋಡೆಯನ್ನು ಹೊರಕ್ಕೆ ತಳ್ಳುವುದು ಒತ್ತಡ, ಅದಕ್ಕೆ ಆಳವಷ್ಟೇ ಲೆಕ್ಕ, ಕೊಳ ಎಷ್ಟು ಅಗಲ ಎಂಬುದಲ್ಲ. 60 ಸೆಂ.ಮೀ. ಆಳಕ್ಕೆ 3 ಮೀಟರಿನ ಗೋಡೆಯ ಮೇಲೆ ಸುಮಾರು 540 ಕಿಲೋ ತೂಕದಷ್ಟು ತಳ್ಳುವಿಕೆ, ಅದೂ ಹೆಚ್ಚಾಗಿ ಬುಡದಲ್ಲೇ. ಅಡ್ಡಪಟ್ಟಿಗಳನ್ನು ಬುಡದ ಕಡೆ ಒತ್ತಾಗಿ ಹೊಡೆಯಬೇಕೆಂದು ಮೂಲದಲ್ಲಿ ಹೇಳಿದ್ದರೆ ಕಾರಣ ಇದು.

– ಮೀನು ಸಾಕುವವ

*

ತೊರಕೆ, ಸೋಸುತೊಟ್ಟಿ ಚೆನ್ನಾಗಿವೆ. ಕೊಳಕ್ಕೆ ‘ಒಳಗೊಳ’ ಎನ್ನಿ, ಎರಡೂ ನಮ್ಮವೇ ಒರೆಗಳು. ಆದರೆ ಪ್ಲೈವುಡ್, ಪಂಪ್, ಹೀಟರ್ ಎಲ್ಲವನ್ನೂ ಹಾಗೇ ಬಿಟ್ಟಿರುವುದು ಏಕೆ? ಪದರಹಲಗೆ, ನೀರೆತ್ತುಗ, ಬಿಸಿಗ ಎಂದು ಬರೆದರೆ ಅರ್ತ ಆಗದೇ? ಮೊದಲ ಸಲ ಓದುವಾಗ ತಡೆದೀತು, ಹತ್ತನೆಯ ಸಲಕ್ಕೆ ಸಲೀಸು. ಹೀಗೆ ಒಂದೊಂದಾಗಿ ಬಿಟ್ಟುಕೊಟ್ಟರೆ ನುಡಿಯಲ್ಲಿ ಉಳಿಯುವುದು ಎಸಕಪದಗಳ (ಕ್ರಿಯಾಪದಗಳ) ಕೊನೆಯಶ್ಟೆ. ಪಲಕದಲ್ಲಿ ಮದ್ದು ಹೇಳುವಾಗ ‘ಸುಡುನೀರು’ ಬಳಸಿ.

– ಅಚ್ಚಗನ್ನಡದ ಓದುಗ

*

ಒಳಗೊಳ? ‘ಒಳಗೊಳದ ಮೀನು’ ಎಂದು ಬರೆದರೆ ಏನನ್ನು ಒಳಗೊಳ್ಳದ ಮೀನು ಎಂದು ಕೇಳುತ್ತಾರೆ. ಕೊಳ ‘ಗೊಳ’ವಾದ ಆದೇಶಸಂಧಿ ಸರಿಯಿದ್ದ ಮಾತ್ರಕ್ಕೆ ಪದ ಸರಿಯಾಗದು. ಈಜುಕೊಳದ ವಾದ ಒಪ್ಪಿದೆ, ‘ಮನೆಯೊಳಗಿನ ಮೀನುಕೊಳ’ ಇರಲಿ.

ಎರವಲಿನ ಮಾತಿಗೆ ಬಂದರೆ, ಮೇಜು, ಕುರ್ಚಿ, ಸಾಬೂನು, ಚಾವಿ, ಪಗಾರ – ಇವನ್ನು ಹೊರಹಾಕಿ ಬನ್ನಿ, ಆಮೇಲೆ ಪಂಪಿನ ಮಾತು. ‘ಟ್ಯಾಂಕ್’ ನೋಡಿ: ಇಂಗ್ಲಿಷಿನದು ಎಂದು ನೀವು ದೂರ ಇಡುವ ಈ ಪದಕ್ಕೆ ನಿಘಂಟುಗಳು ಒಂದು ಕಡೆ ಗುಜರಾತಿ, ಮರಾಠಿಯತ್ತ, ಇನ್ನೊಂದು ಕಡೆ ಪೋರ್ಚುಗೀಸಿನತ್ತ ಕೈ ತೋರಿಸುತ್ತವೆ. ಎರವಲು ಬಂದದ್ದರಿಂದ ನುಡಿ ಸಾಯುವುದಿಲ್ಲ. ಇದ್ದ ಪದ ಮರೆತರೆ ಸೊರಗುತ್ತದೆ. ತೊರಕೆ ಇದ್ದೂ ಸ್ಟಿಂಗ್‌ರೇ ಬರೆಯುವುದು ತಪ್ಪು. ಪಂಪ್ ಇರುವಾಗ ನೀರೆತ್ತುಗ ಬರೆಯುವುದೂ ಅಷ್ಟೇ ತಪ್ಪು.

– ನಿವೃತ್ತ ಕನ್ನಡ ಮೇಷ್ಟ್ರು

*

ಪೇಟೆ ಕೊಟ್ಟ ಪದಗಳಿಗೆ ಮೇಷ್ಟ್ರು ಮುದ್ರೆ ಒತ್ತುತ್ತಾರೆ, ನಾವು ಕಟ್ಟಿದರೆ ತಪ್ಪು. ಸೋಸುತೊಟ್ಟಿಯನ್ನೂ ಇವತ್ತೇ ಕಟ್ಟಿದ್ದಲ್ಲವೇ? ಅದಕ್ಕೇಕೆ ಮಾತಿಲ್ಲ? ಇನ್ನು ನಾನು ಬರೆಯುವುದಿಲ್ಲ.

– ಅಚ್ಚಗನ್ನಡದ ಓದುಗ

*

ಎಲ್ಲರಿಗೂ ಕೃತಜ್ಞತೆ. ಕೈಪಿಡಿಯಲ್ಲಿ ತೊರಕೆ, ಮೀನುಕೊಳ, ಸೋಸುತೊಟ್ಟಿ, ನೀರು ಹದಕ್ಕೆ ಬರುವುದು – ಇಷ್ಟನ್ನೂ ತೆಗೆದುಕೊಂಡೆ. ಪ್ಲೈವುಡ್, ಪಂಪ್ ಹಾಗೇ ಇರುತ್ತವೆ. ಫಲಕ ಹೀಗಿದೆ:

‘ಎಚ್ಚರಿಕೆ! ಸಿಹಿನೀರಿನ ತೊರಕೆ. ನೀರಿಗೆ ಕೈ ಹಾಕಬೇಡಿ. ಬಾಲದ ತುದಿಯ ಕೊಂಡಿಯಿಂದ ಕುಟುಕುತ್ತದೆ. ಕುಟುಕಿದರೆ ಗಾಯವನ್ನು ಸುಡುನೀರಿನಲ್ಲಿ ಮುಳುಗಿಸಿ.’

ಮುದ್ರಣಕ್ಕೆ ಕಳಿಸಲೇ?

– ಅನುವಾದಕಿ

*

ಕಳಿಸಬೇಡಿ!

‘ಸುಡುನೀರು’ ಎಂದು ಓದಿ ಯಾರಾದರೂ ಕುದಿಯುವ ನೀರಿಗೆ ಕೈ ಹಾಕಿದರೆ ಮುಳ್ಳಿನ ಗಾಯದ ಜೊತೆ ಸುಟ್ಟ ಗಾಯವೂ ಸೇರುತ್ತದೆ. ಬೇಕಿರುವುದು ತಾಳಿಕೊಳ್ಳುವಷ್ಟು ಬಿಸಿಯಾದ ನೀರು, 45 ಡಿಗ್ರಿ ಸೆಲ್ಸಿಯಸ್ ಮೀರಬಾರದು. ಅದರಿಂದ ನೋವು ತಗ್ಗುತ್ತದೆ, ಆದರೆ ಚಿಕಿತ್ಸೆ ಅಲ್ಲಿಗೆ ಮುಗಿಯುವುದಿಲ್ಲ. ಚುಚ್ಚಿಸಿಕೊಂಡವರಿಗೆ ಆ ನೋವಿನಲ್ಲಿ ನೀರು ಎಷ್ಟು ಬಿಸಿಯೆಂದು ತಿಳಿಯುವುದಿಲ್ಲ, ಪಕ್ಕದವರು ಕೈಯಿಟ್ಟು ನೋಡಬೇಕು. ಇದೂ ಫಲಕದಲ್ಲಿರಲಿ.

‘ಕೊಂಡಿ’ ಚೇಳಿನದು. ತೊರಕೆಗಿರುವುದು ಮುಳ್ಳು. ಹತ್ತಿರದಿಂದ ನೋಡಿದರೆ ಅದರ ಎರಡೂ ಅಂಚಿನಲ್ಲಿ ಗರಗಸದಂಥ ಹಲ್ಲುಗಳು, ಹಿಂದಕ್ಕೆ ಬಾಗಿದವು. ಒಳಗೆ ಹೋಗುವುದು ಸುಲಭ, ಎಳೆದರೆ ಮಾಂಸ ಹರಿಯುತ್ತದೆ. ವಿಷವಿರುವುದು ಮುಳ್ಳನ್ನು ಹೊದ್ದ ತೊಗಲಿನಲ್ಲಿ. ಮುಳ್ಳು ಆಗಾಗ ಉದುರಿ ಹೊಸದು ಬರುತ್ತದೆ, ಹಾಗಾಗಿ ಒಂದು ಬಿದ್ದದ್ದು ಕಂಡಿತೆಂದು ಧೈರ್ಯ ಮಾಡುವಂತಿಲ್ಲ. ಅದಿರುವುದು ಬಾಲದ ತುದಿಯಲ್ಲೂ ಅಲ್ಲ, ತುದಿಗಿಂತ ಹಿಂದೆ, ಬಾಲದ ಮೇಲ್ಭಾಗದಲ್ಲಿ. ತುದಿಯನ್ನಷ್ಟೇ ತಪ್ಪಿಸಿದರೆ ಸಾಕೆಂದುಕೊಂಡವರಿಗೇ ಚುಚ್ಚುತ್ತದೆ. ಜೇನು, ಚೇಳು ಕುಟುಕುತ್ತವೆ; ಮುಳ್ಳು ಚುಚ್ಚುತ್ತದೆ. ಹೀಗೆ ಮಾಡಿ:

‘ಎಚ್ಚರಿಕೆ! ಸಿಹಿನೀರಿನ ತೊರಕೆ. ಬಾಲದಲ್ಲಿ ವಿಷದ ಮುಳ್ಳಿದೆ, ಚುಚ್ಚುತ್ತದೆ. ಮೀನು ಮರಳಿನಡಿ ಹುದುಗಿರಬಹುದು. ನೀರಿಗೆ ಕೈಕಾಲು ಹಾಕಬೇಡಿ. ಚುಚ್ಚಿದರೆ ಗಾಯವನ್ನು ತಾಳುವಷ್ಟು ಬಿಸಿನೀರಿನಲ್ಲಿ (45 ಡಿಗ್ರಿ ಮೀರದಂತೆ) ಇಡಿ. ನೀರಿನ ಬಿಸಿಯನ್ನು ಬೇರೊಬ್ಬರು ಮುಟ್ಟಿ ನೋಡಲಿ. ಕೂಡಲೇ ವೈದ್ಯರಲ್ಲಿಗೆ ಹೋಗಿ.’

– ಮೀನು ಸಾಕುವವ

*

‘ವಿಷದ ಮುಳ್ಳು’ ಅಲ್ಲ, ‘ವಿಷಮುಳ್ಳು’ ಎನ್ನಿ ಎಂದು ಒಬ್ಬರು, ಅದು ಅರಿಸಮಾಸ (ಸಂಸ್ಕೃತ–ಕನ್ನಡದ ಬೆರಕೆ ಪದ) ಎಂದು ಇನ್ನೊಬ್ಬರು ಎದ್ದು ಬರುವ ಮೊದಲು ಇದನ್ನೇ ಕಳಿಸಿಬಿಡಿ ಮೇಡಂ. ಬಿಡಿಸಿ ಬರೆದದ್ದೇ ಸರಿ. ‘ಚುಚ್ಚುತ್ತದೆ’ ದಪ್ಪಕ್ಷರದಲ್ಲಿರಲಿ.

– ನಿವೃತ್ತ ಕನ್ನಡ ಮೇಷ್ಟ್ರು