ಓವರ್‌ಡ್ರಾಫ್ಟ್ ಇದ್ದರೆ ಕೂಡಿಸಬೇಕಾ, ಕಳೆಯಬೇಕಾ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾನು ಫಸ್ಟ್ ಪಿಯುಸಿ ಕಾಮರ್ಸ್. ಜರ್ನಲ್, ಲೆಡ್ಜರ್ ಚೆನ್ನಾಗಿ ಬರುತ್ತದೆ. ಸಿಕ್ಕಿಹಾಕಿಕೊಂಡಿರುವುದು ಬ್ಯಾಂಕ್ ರೀಕನ್ಸಿಲಿಯೇಷನ್ ಸ್ಟೇಟ್‌ಮೆಂಟ್‌ನಲ್ಲಿ, ಅಂದರೆ ನಮ್ಮ ಕ್ಯಾಶ್ ಬುಕ್ಕಿನ ಬ್ಯಾಂಕ್ ಲೆಕ್ಕವನ್ನು ಬ್ಯಾಂಕಿನ ಪಾಸ್ ಬುಕ್ ಜೊತೆ ತಾಳೆ ಹಾಕುವ ಪಟ್ಟಿಯಲ್ಲಿ.

ಮಾಮೂಲಿ ಲೆಕ್ಕ ಸುಲಭ. ಕ್ಯಾಶ್ ಬುಕ್ಕಿನಲ್ಲಿ 8,000 ರೂಪಾಯಿ ಇದೆ, ನಾವು ಕೊಟ್ಟ 3,000 ರೂಪಾಯಿ ಚೆಕ್ ಇನ್ನೂ ಬ್ಯಾಂಕಿಗೆ ಹೋಗಿಲ್ಲ ಅಂದರೆ ಕೂಡಿಸುತ್ತೇವೆ. ಪಾಸ್ ಬುಕ್ಕಿನಲ್ಲಿ 11,000. ಬ್ಯಾಂಕ್ ಆ ದುಡ್ಡನ್ನು ಇನ್ನೂ ಕೊಟ್ಟೇ ಇಲ್ಲ, ಅಲ್ವಾ? ಅಷ್ಟು ಅರ್ಥವಾಗಿದೆ.

ಅದೇ 8,000 ಓವರ್‌ಡ್ರಾಫ್ಟ್ (ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ತೆಗೆದು ಬ್ಯಾಂಕಿಗೆ ನಾವೇ ಕೊಡಬೇಕಾದ ದುಡ್ಡು) ಆದರೆ ತಲೆ ಕೆಡುತ್ತದೆ. ಗೈಡ್‌ನಲ್ಲಿ 3,000 ಕಳೆದು, ಪಾಸ್ ಬುಕ್ ಓವರ್‌ಡ್ರಾಫ್ಟ್ 5,000 ಅಂತ ತೋರಿಸಿದ್ದಾರೆ. ನಮ್ಮ ಲೆಕ್ಚರರ್ ಓವರ್‌ಡ್ರಾಫ್ಟನ್ನು ಮೈನಸ್ ಕಾಲಂಗೆ ಹಾಕಿ, ಚೆಕ್ಕನ್ನು ಪ್ಲಸ್ ಕಾಲಂನಲ್ಲೇ ಬರೆಸಿದರು. ಎರಡರಲ್ಲೂ ಬರುವುದು 5,000. ವಿಡಿಯೋ ನೋಡಿದೆ, ಗೆಳತಿಯರನ್ನು ಕೇಳಿದೆ. "ಓ.ಡಿ. (ಓವರ್‌ಡ್ರಾಫ್ಟ್) ಬಂದರೆ ಎಲ್ಲ ಉಲ್ಟಾ ಮಾಡು" ಅನ್ನುತ್ತಾರೆ, ಅಷ್ಟೇ. ಸುಮ್ನೆ ಬಾಯಿಪಾಠ ಮಾಡಲು ನನಗೆ ಇಷ್ಟವಿಲ್ಲ. ಮುಂದೆ ಸಿಎ ಮಾಡುವ ಆಸೆ ಇದೆ.

ಕಾಮರ್ಸ್ ಓದಿದವರು, ಪಾಠ ಮಾಡುವವರು ದಯವಿಟ್ಟು ಹೇಳಿ: ಗೈಡ್‌ನಲ್ಲಿ ಚೆಕ್ಕಿನ ಮೊತ್ತ ಕಳೆಯುವುದಕ್ಕೆ ಕಾರಣವೇನು? ಪರೀಕ್ಷೆಯಲ್ಲಿ ಈ ಎರಡರಲ್ಲಿ ಯಾವ ರೀತಿ ಬರೆದರೆ ಒಳ್ಳೆಯದು?